ತ್ರಿಕೋನಮಿತಿಯ ತಾಲೀಮು

ಜೆ.ಪಿ. ನಗರ ಆರನೇ ಹಂತ, ಬೆಂಗಳೂರು
21 ಆಗಸ್ಟ್ 2025, ಗುರುವಾರ

ಪ್ರೀತಿಯ ಮಗ ಕೈಲಾಸನಿಗೆ, ನಿನ್ನ ಅಪ್ಪ ಎರಡೂ ಕೈಯೆತ್ತಿ ಮಾಡುವ ಆಶೀರ್ವಾದ.

ಹೇಗಿದ್ದೀಯಪ್ಪಾ? ನಾಗಪುರದ ನೀರು ಮೈಗೆ ಹಿಡಿಯಿತೇ? ಹೊಟ್ಟೆಯ ಉರಿ ಇಳಿಯಿತೋ, ಇಲ್ಲಾ ಇನ್ನೂ ಬ್ಯಾಂಕಿನ ಕ್ಯಾಂಟೀನಿನ ಎಣ್ಣೆಯಲ್ಲೇ ಈಜುತ್ತಿದ್ದೀಯೋ? ಬಡ್ತಿ ಕೊಟ್ಟೆವು ಎಂದು ಹಾರ ಹಾಕಿ, ಆ ಹಾರದ ಸಮೇತ ನಿನ್ನನ್ನು ಅಷ್ಟು ದೂರಕ್ಕೆ ಎತ್ತಿ ಎಸೆದರಲ್ಲ, ಅವರಿಗೂ ಮಕ್ಕಳು ಮರಿ ಇರುತ್ತವೆ ಎಂದುಕೊಂಡು ಸುಮ್ಮನಿದ್ದೇನೆ. ಊಟದ ಕೊನೆಗೆ ಮಜ್ಜಿಗೆ ಬಿಡಬೇಡ. ನನ್ನ ಮಂಡಿ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ, ಸಮ ನೆಲದಲ್ಲಿ ನಾಟಕದ ರಾಜಪಾರ್ಟಿನ ನಡಿಗೆಗೆ ಇನ್ನೂ ಅಡ್ಡಿಯಿಲ್ಲ. ಸೊಸೆ ಶ್ರೀದೇವಿ ಚೆನ್ನಾಗಿದ್ದಾಳೆ. ಜಯನಗರದ ಕನ್ನಡಕದ ಅಂಗಡಿಯಲ್ಲಿ ಹಬ್ಬದ ರಿಯಾಯಿತಿ ಶುರುವಾಗಿ, ದಿನವಿಡೀ ನಿಂತು ನಿಂತು ಕಾಲು ಊದಿಸಿಕೊಂಡು ಬರುತ್ತಾಳೆ. ನಿನಗೆ ಗಣೇಶನ ಹಬ್ಬಕ್ಕೆ ರಜೆ ಸಿಗಲಿಲ್ಲವೆಂದು ಒಂದು ಮಾತೂ ಆಡಿಲ್ಲ, ಆದರೆ ಕಡುಬಿಗೆ ಅಕ್ಕಿ ನೆನೆಸುವಾಗ ಅಳತೆ ಕಮ್ಮಿ ಮಾಡಬೇಕಲ್ಲ ಎಂದಳು. ಅದರಲ್ಲೇ ಎಲ್ಲ ಬಂತು.

ಕೈಯಲ್ಲಿ ಫೋನು ಇಟ್ಟುಕೊಂಡು ಅಪ್ಪ ಕಾಗದ ಯಾಕೆ ಬರೆದ ಎಂದು ಹುಬ್ಬೇರಿಸಬೇಡ. ನನ್ನ ಗಂಟಲು ನಿನಗೆ ಗೊತ್ತು. ನಾಟಕ ಕಂಪನಿಯ ಪರದೆಯ ಹಿಂದೆ ಹುಟ್ಟಿ ಬೆಳೆದ ಗಂಟಲು, ಆಮೇಲೆ ಬಸ್ ನಿಲ್ದಾಣದ ಮೈಕಿನ ಮುಂದೆ ಕೂತು ಊರೂರಿನ ಬಸ್ಸು ಕೂಗಿ ಸಂಬಳ ಎಣಿಸಿದ ಗಂಟಲು. ನಾನು ಫೋನಿನಲ್ಲಿ ಗುಟ್ಟು ಹೇಳಿದರೆ ಪುಟ್ಟೇನಹಳ್ಳಿ ಕೆರೆಯ ಹಕ್ಕಿಗಳೂ ಎದ್ದು ಹಾರುತ್ತವೆ. ಹೇಳಬೇಕಾದದ್ದು ಸಂಗೀತಾಳ ವಿಷಯ, ಅವಳು ಪಕ್ಕದ ಕೋಣೆಯಲ್ಲೇ ಇದ್ದಾಳೆ. ಅದಕ್ಕೇ ಈ ಕಾಗದ.

ಇಗೋ, ಪರದೆ ಎತ್ತಿದೆ. ಎದೆ ಗಟ್ಟಿ ಮಾಡಿಕೊ. ನಿನ್ನ ಮಗಳಿಗೆ ಕಾಲೇಜಿನ ಮೊದಲ ಗಣಿತದ ಟೆಸ್ಟಿನಲ್ಲಿ, ತ್ರಿಕೋನಮಿತಿಯಲ್ಲಿ, ಇಪ್ಪತ್ತೈದಕ್ಕೆ ನಾಲ್ಕು ಬಂದಿದೆ.

ನಾಲ್ಕು! ನೀನು ನಂಬುವುದಿಲ್ಲ, ನಾನೂ ನಂಬಲಿಲ್ಲ. ಯಾಕೆಂದರೆ ತ್ರಿಕೋನಮಿತಿಯ ಒಂದೊಂದು ಸೂತ್ರವೂ ಈ ಮನೆಯ ಗೋಡೆಗಳಿಗೆ ಬಾಯಿಪಾಠವಾಗಿದೆ. ಸಂಜೆ ದೇವರಿಗೆ ದೀಪ ಹಚ್ಚಿ, ವಿಭೂತಿ ಇಟ್ಟುಕೊಂಡು, ಅಜ್ಜ ಮೊಮ್ಮಗಳ ತಾಲೀಮು ಶುರು. ನಮ್ಮ ಕಂಪನಿಯಲ್ಲಿ ನಟನಿಗೆ ಇಡೀ ನಾಟಕ ಬರೆದುಕೊಡುತ್ತಿರಲಿಲ್ಲ. ಅವನು ಆಡಬೇಕಾದ ಮಾತು, ಅದಕ್ಕೆ ಮುಂಚೆ ಎದುರಿನವನು ಆಡುವ ಮಾತಿನ ತುದಿ, ಇಷ್ಟೇ ಕೊಡುತ್ತಿದ್ದದ್ದು. ಆ ತುದಿ ಕಿವಿಗೆ ಬಿದ್ದ ಕ್ಷಣ ಇವನ ಬಾಯಿಂದ ಮಾತು ಧುಮುಕಬೇಕು. ಹಾಗೆ ಕಲಿತವನು ಜ್ವರ ಬಂದು ಮಲಗಿದ್ದರೂ ಮಾತು ತಪ್ಪುತ್ತಿರಲಿಲ್ಲ. ಅದೇ ವಿದ್ಯೆಯನ್ನು ಮಗುವಿಗೆ ಧಾರೆ ಎರೆದೆ. ಸೋಫಾದ ಈ ತುದಿಯಿಂದ ನಾನು "ಸೈನ್ ಸ್ಕ್ವೇರ್ ಥೀಟಾ ಪ್ಲಸ್ ಕಾಸ್ ಸ್ಕ್ವೇರ್ ಥೀಟಾಆಆ" ಎಂದು ಎಳೆದರೆ, ಆ ತುದಿಯಿಂದ ಅವಳು ಕೈ ಚಾಚಿ "ಒನ್!" ಎಂದು ಗುಡುಗುವಳು. "ಒನ್ ಪ್ಲಸ್ ಟ್ಯಾನ್ ಸ್ಕ್ವೇರ್ ಥೀಟಾ?" "ಸೆಕ್ ಸ್ಕ್ವೇರ್ ಥೀಟಾ!" ಆಹಾ, ಏನು ಗತ್ತು, ಏನು ಸ್ಪಷ್ಟ ಉಚ್ಚಾರ! ಹೋದ ತಿಂಗಳು ಒಂದು ಭಾನುವಾರ ನೀನೂ ಫೋನಿನಲ್ಲಿ ಕೇಳಿ, "ಅಪ್ಪಾ, ನೀನಿರೋವಾಗ ಇವಳಿಗೆ ಟ್ಯೂಷನ್ ಯಾಕೆ, ದುಡ್ಡು ದಂಡ" ಅಂದೆಯಲ್ಲ, ಆ ದಿನ ನಾನು ಎರಡು ಹೋಳಿಗೆ ಹೆಚ್ಚಿಗೆ ತಿಂದೆ.

ಟೆಸ್ಟಿನ ಉತ್ತರ ಪತ್ರಿಕೆಯನ್ನು ಕಳೆದ ವಾರವೇ ತರಗತಿಯಲ್ಲಿ ಅವಳಿಗೆ ತೋರಿಸಿ ವಾಪಸು ತೆಗೆದುಕೊಂಡಿದ್ದರಂತೆ. ಮನೆಯಲ್ಲಿ "ಇನ್ನೂ ಕೊಟ್ಟಿಲ್ಲ" ಅಂದಳು. ಮೊನ್ನೆ ಭಾನುವಾರ ನೀನು ಕೇಳಿದಾಗ "ಸಖತ್ತಾಗಿ ಬರ್ದಿದೀನಿ ಅಪ್ಪ" ಅಂದಳು. ಅವಳ ದನಿ ಒಂದೆಳೆ ಮೇಲೆ ಹತ್ತಿತ್ತು. ಮಾತು ಮರೆತ ನಟ ಹಾಗೆಯೇ ದನಿ ಏರಿಸುತ್ತಾನೆ. ನನ್ನ ಕಿವಿಗೆ ಅದು ತಾಗಿತು, ಮನಸ್ಸಿಗೆ ತಾಗಲಿಲ್ಲ. ಅವತ್ತು ಸಂಜೆ ತಲೆನೋವೆಂದು ತಾಲೀಮಿಗೂ ಬರಲಿಲ್ಲ.

ಸೋಮವಾರ ಡಬ್ಬಿ ಹಿಡಿದು ಕಾಲೇಜಿಗೆ ಹೊರಟವಳು ಕಾಲೇಜಿಗೆ ಹೋಗಿಲ್ಲ ಮಗನೇ. ಮಧ್ಯಾಹ್ನ ನನಗೆ ಫೋನು ಬಂತು. "ಅಜ್ಜ, ನಾನು ತಲಘಟ್ಟಪುರ ಮೆಟ್ರೋ ಸ್ಟೇಷನ್ನಲ್ಲಿದೀನಿ. ಬಂದು ಕರ್ಕೊಂಡು ಹೋಗ್ತೀಯಾ? ಅಮ್ಮಂಗೆ ಹೇಳ್ಬೇಡ." ಅಷ್ಟೇ. ಹೇಗೆ ಚಪ್ಪಲಿ ಮೆಟ್ಟಿದೆನೋ, ಯಾವ ಆಟೋ ಹತ್ತಿದೆನೋ, ಮೆಟ್ಟಿಲೇರುವಾಗ ಮಂಡಿ ಏನು ಕೂಗಿತೋ, ಒಂದೂ ನೆನಪಿಲ್ಲ. ಕಾಲೇಜಿಗೆ ಜಯನಗರದಲ್ಲಿ ಇಳಿಯಬೇಕಾದವಳು ಎದುರು ದಿಕ್ಕಿನ ಗಾಡಿ ಹತ್ತಿ, ಊರು ಮುಗಿಯುವ ಕಡೆಗೆ ಹೋಗಿ, ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ಬ್ಯಾಗು ತಬ್ಬಿಕೊಂಡು ಕೂತಿದ್ದಳು. ಡಬ್ಬಿ ತೆರೆದಿರಲಿಲ್ಲ. ಪಕ್ಕದಲ್ಲಿ ಕೂತೆ. ಅವಳ ಡಬ್ಬಿ ಎತ್ತಿ ನನ್ನ ಮಡಿಲಲ್ಲಿಟ್ಟುಕೊಂಡೆ. ಎಷ್ಟೋ ಗಾಡಿಗಳು ಬಂದು ಹೋದ ಮೇಲೆ ಅವಳೇ ನಾಲ್ಕು ಅಂಕದ ಸುದ್ದಿ ಹೇಳಿ, ಅಂದಳು: "ಅಜ್ಜ, ನೀನು ಕೇಳಿದ್ರೆ ಎಲ್ಲಾ ಬರುತ್ತೆ. ಪೇಪರ್ ಕೇಳಿದ್ರೆ ಒಂದೂ ಬರಲ್ಲ." ಆಮೇಲೆ, "ನಂಗೆ ಗಣಿತ ಬೇಡ, ಆರ್ಟ್ಸ್‌ಗೆ ಹಾಕ್ಸಿಬಿಡು. ಆರ್ಕಿಟೆಕ್ಟೂ ಬೇಡ, ಏನೂ ಬೇಡ."

ಕೈಲಾಸಾ, ಇದು ನೀನು ಹೇರಿದ ಆಸೆಯಲ್ಲ, ನಾನು ತುಂಬಿದ ಆಸೆಯೂ ಅಲ್ಲ. ನಮಗೆ ಆರ್ಕಿಟೆಕ್ಟ್ ಎಂದರೆ ಏನೆಂದು ತಿಳಿಯುವ ಮೊದಲೇ ಬಸ್ಸಿನ ಕಿಟಕಿಯಲ್ಲಿ ಕಂಡ ಕಟ್ಟಡಗಳನ್ನೆಲ್ಲ ಅಂಗಡಿ ಬಿಲ್ಲುಗಳ ಹಿಂಬದಿಯಲ್ಲಿ ಬರೆದು ಗುಡ್ಡೆ ಹಾಕಿದವಳು ಅವಳು. ಬನಶಂಕರಿಯಲ್ಲಿ ಯಾವ ಹಳೇ ಮನೆ ಕೆಡವಿದರೂ ಸತ್ತವರ ಮನೆಗೆ ಹೋದ ಹಾಗೆ ನಿಂತು ನೋಡಿ ಬರುತ್ತಾಳೆ. ಪಿಯುಸಿಯಲ್ಲಿ ಗಣಿತ ಬಿಟ್ಟರೆ ಆ ಬಾಗಿಲು ಮುಚ್ಚಿತು ಎಂದು ಅವಳಿಗೇ ಗೊತ್ತು. ಗೊತ್ತಿದ್ದೂ ಬೇಡ ಎನ್ನಬೇಕಾದರೆ ಎಷ್ಟು ಹೆದರಿರಬೇಕು!

ಶ್ರೀದೇವಿಗೆ ಅವತ್ತೇ ಹೇಳಿದೆ. ತಾಯಿಗೆ ಮುಚ್ಚಿಡುವ ಪಾರ್ಟು ನನಗೆ ಒಗ್ಗುವುದಿಲ್ಲ. ಅವಳು ಕೂಗಾಡಲಿಲ್ಲ, ಅಳಲಿಲ್ಲ, ಸೀದಾ ಹೋಗಿ ಮಗುವಿನ ಪಕ್ಕದಲ್ಲಿ ಮಲಗಿದಳು.

ಮಂಗಳವಾರ ನಾನು ಕಾಲೇಜಿಗೆ ದಂಡೆತ್ತಿ ಹೋದೆ. ರೇಷ್ಮೆ ಶಲ್ಯ, ಇಸ್ತ್ರಿ ಜುಬ್ಬ, ಹಣೆ ತುಂಬ ವಿಭೂತಿ. ನನ್ನ ಮೊಮ್ಮಗಳಿಗೆ ನಾಲ್ಕು ಕೊಟ್ಟ ಆ ಮಹಾತಾಯಿ ಯಾರು, ಎದುರಿಗೆ ಬರಲಿ ಎಂದು ಹೋದರೆ, ಗಣಿತದ ಜಯಶೀಲಾ ಮೇಡಂ ನಿನಗಿಂತ ಚಿಕ್ಕವಳು ಮಾರಾಯ, ಸೀರೆ ಸೆರಗಿನಲ್ಲಿ ಕೈ ಒರೆಸಿಕೊಂಡು ಕುರ್ಚಿ ಎಳೆದು ಕೊಟ್ಟಳು. "ಸಾರ್, ಹುಡುಗಿಗೆ ಫಾರ್ಮುಲಾ ಎಲ್ಲಾ ಬರುತ್ತೆ. ಲೆಕ್ಕ ಬರಲ್ಲ" ಅಂದಳು. ನಾನು ಎದೆ ಸೆಟೆದು, "ಕಲಿಸಿದವನು ನಾನೇ ಮೇಡಂ!" ಎಂದೆ. ಸ್ಟಾಫ್ ರೂಮಿನಲ್ಲಿ ತಿದ್ದುತ್ತಿದ್ದವರ ಪೆನ್ನುಗಳು ನಿಂತವು. ಮೇಡಂ ನಕ್ಕುಬಿಟ್ಟಳು. "ಅಂದ್ಕೊಂಡೆ ಸಾರ್. ಕ್ಲಾಸಲ್ಲಿ ಫಾರ್ಮುಲಾ ಕೇಳಿದ್ರೆ ಎದ್ದು ನಿಂತು, ಕೈ ಮುಂದೆ ಮಾಡಿ ಹೇಳ್ತಾಳೆ. ಹಿಂದಿನ ಬೆಂಚಿನವ್ರು ಚಪ್ಪಾಳೆ ಹೊಡೀತಾರೆ."

ನಗು ನಿಲ್ಲಿಸಿ ಉತ್ತರ ಪತ್ರಿಕೆ ಮುಂದಿಟ್ಟಳು. ಒಂದು ಪ್ರಶ್ನೆ ಹೀಗೆ: ಒಂದರಿಂದ ಎರಡು ಸೈನ್ ಥೀಟಾ ಕಾಸ್ ಥೀಟಾ ಕಳೆದರೆ, ಅದು ಸೈನಿನಿಂದ ಕಾಸ್ ಕಳೆದದ್ದರ ವರ್ಗಕ್ಕೆ ಸಮ ಎಂದು ಸಾಧಿಸಿ. ನನಗೆಲ್ಲಿ ತಿಳಿಯಬೇಕು! ಮೇಡಂ ಬೆರಳಿಟ್ಟು ತೋರಿಸಿದಳು. "ಇಲ್ಲಿರೋ ಒನ್ ನೋಡಿ ಸಾರ್. ಇದನ್ನ ಅವಳೇ ಸೈನ್ ಸ್ಕ್ವೇರ್ ಪ್ಲಸ್ ಕಾಸ್ ಸ್ಕ್ವೇರ್ ಅಂತ ಬಿಡಿಸ್ಕೊಂಡ್ರೆ ಮುಗೀತು, ಮುಂದೆ ಎರಡೇ ಸಾಲು. ಬಿಡಿಸ್ಕೋ ಅಂತ ಪೇಪರಲ್ಲಿ ಯಾರೂ ಹೇಳಲ್ಲ." ಅಯ್ಯೋ ಮಗನೇ, ಆಗ ಗೊತ್ತಾಯಿತು! ನಮ್ಮ ತಾಲೀಮಿನಲ್ಲಿ ಒನ್ ಎನ್ನುವುದು ಯಾವಾಗಲೂ ಉತ್ತರ. ನಾನು ಉದ್ದದ ಮಾತು ಎಸೆಯಬೇಕು, ಅವಳು ಒನ್ ಎಂದು ಹಿಡಿಯಬೇಕು. ಇಲ್ಲಿ ಒನ್ ಒಂಟಿಯಾಗಿ ಮೊದಲೇ ಬಂದು ನಿಂತಿದೆ, ಎದುರಿನಲ್ಲಿ ಅಜ್ಜ ಇಲ್ಲ. ಮಗು ಪ್ರಶ್ನೆಯನ್ನು ಅಂದವಾಗಿ ನಕಲು ಮಾಡಿ, ಕೆಳಗೆ ಜಾಗ ಹಾಗೇ ಬಿಟ್ಟಿತ್ತು. ಆ ಖಾಲಿ ಜಾಗ ನೋಡಿ ನನ್ನ ಶಲ್ಯ ಭುಜದಿಂದ ಜಾರಿತು.

ಕಾಲೇಜು ತೆರೆದ ದಿನವೇ ಮೇಡಂ ತರಗತಿಗೆ ಎಲ್ಲ ಹೇಳಿದ್ದಾಳಂತೆ. ದಿನಾ ಸ್ವಲ್ಪ ಹೊತ್ತಾದರೂ ಪೆನ್ನು ಹಿಡಿದು ಲೆಕ್ಕ ಮಾಡಬೇಕು, ಪರೀಕ್ಷೆಯ ಹಿಂದಿನ ದಿನ ಮಾಡಿದರೆ ಆಗದು. ಮೊದಲು ಚಿತ್ರ, ಆಮೇಲೆ ಸೂತ್ರ. ಸೂತ್ರ ಮರೆತರೆ ವೃತ್ತ ಬರೆದು ಅದರೊಳಗಿಂದ ಹುಟ್ಟಿಸಿಕೊಳ್ಳಬೇಕು. ಸಿಕ್ಕಿಕೊಂಡರೆ ತಕ್ಷಣ ಹಿಂದಿನ ಪುಟದ ಉತ್ತರ ನೋಡುವ ಹಾಗಿಲ್ಲ. ತಪ್ಪನ್ನು ಅಳಿಸದೆ ಅಡ್ಡಗೆರೆ ಎಳೆದು ಮಾರನೆಯ ದಿನ ಮೇಡಂಗೇ ತೋರಿಸಬೇಕು. "ತಪ್ಪು ತರ್ತಾಳೆ ಅಂತ ಕಾಯ್ತಿದ್ದೆ ಸಾರ್, ಒಂದಿನವೂ ತರ್ಲಿಲ್ಲ. ಅವಳು ಮನೇಲಿ ಲೆಕ್ಕ ಮಾಡಿದ್ರೆ ತಾನೆ ತಪ್ಪಾಗೋದು?" ಅಂದಳು. ನಾನು ಮುಖ ಎಲ್ಲಿಡಲಿ? ಸಂಜೆಯೆಲ್ಲ ನಮ್ಮ ಮನೆಯಲ್ಲಿ ಗುಡುಗು, ಸಿಡಿಲು, ಚಪ್ಪಾಳೆ. ಪೆನ್ನಿನ ಮುಚ್ಚಳ ಯಾರೂ ತೆಗೆದಿರಲಿಲ್ಲ. ಬಾಗಿಲ ತನಕ ಬಂದು ಮೇಡಂ ಮೆಲ್ಲಗೆ ಹೇಳಿದಳು: ಸೋಮವಾರ ಇನ್ನೊಂದು ಟೆಸ್ಟು ಇಟ್ಟು ಮಾರನೆಯ ದಿನವೇ ಅಂಕ ಕೊಡುತ್ತೇನೆ, ವಿಷಯ ಬದಲಿಸುವುದಾದರೆ ಅದಾದ ಮೇಲೆ ಯೋಚಿಸಿ, ಈಗಲೇ ಅವಸರ ಬೇಡ.

ಈಗ ನಮ್ಮ ಮನೆಯ ಸ್ಥಿತಿ ಕೇಳು. ನಿನ್ನೆಯಿಂದ ಊಟದ ಮೇಜಿನ ಮೇಲೆ ಲೆಕ್ಕ. ನಾನು ಎದುರು ಕೂರಬಹುದು, ಬಾಯಿ ತೆರೆಯುವ ಹಾಗಿಲ್ಲ. ಇದು ಸಂಗೀತಾಳೇ ಹಾಕಿದ ಕರಾರು. ಅವಳು ತ್ರಿಕೋನ ಬರೆಯುತ್ತಾಳೆ, ಒಂದು ಸಾಲು ಬರೆಯುತ್ತಾಳೆ, ನಿಲ್ಲುತ್ತಾಳೆ. ಆ ನಿಲ್ಲುವುದಿದೆಯಲ್ಲ, ಪರಮಾತ್ಮಾ! ರಂಗದ ಮೇಲೆ ಒಬ್ಬ ಮಾತು ಮರೆತರೆ ಪಕ್ಕದವನು ತುಂಬಿಕೊಡಬೇಕು, ಇದು ನನ್ನ ರಕ್ತದಲ್ಲಿರುವ ಧರ್ಮ. ಸೂತ್ರ ನನ್ನ ನಾಲಿಗೆಯ ತುದಿಯಲ್ಲಿ ಕುಣಿಯುತ್ತಿದೆ, ಆ ಸೂತ್ರವೇ ಅಲ್ಲಿಗೆ ಬೇಕೋ ಬೇಡವೋ ನನಗೆ ತಿಳಿಯದು, ಆದರೂ ಕುಣಿಯುತ್ತಿದೆ. ಟವಲು ಬಾಯಿಗೆ ಒತ್ತಿಕೊಂಡು ಕೂತೆ. ಶ್ರೀದೇವಿ ಕಾಫಿ ತಂದಿಟ್ಟು, "ಮಾವ, ನೀವು ಹಿಂಗೆ ಸುಮ್ನಿದ್ರೆ ಮನೇಲಿ ಯಾರಿಗೋ ಏನೋ ಆಗಿದೆ ಅಂತ ಕೆಳಗಿನ ಮನೆಯವ್ರು ಬಂದ್ಬಿಡ್ತಾರೆ" ಅಂದಳು. ಮಗು ನಕ್ಕಿತು. ಎಷ್ಟೋ ದಿನದ ಮೇಲೆ. ಒಂದೇ ಗಳಿಗೆ, ಮತ್ತೆ ಅದೇ ಮುಖ.

ಲೆಕ್ಕ ಸರಿ ಬರುತ್ತಿದೆ ಎಂದು ನಿನಗೆ ಸುಳ್ಳು ಹೇಳಲಾರೆ. ನಿನ್ನೆ ಮಾಡಿದವುಗಳಲ್ಲಿ ಹೆಚ್ಚಿನವಕ್ಕೆ ಅಡ್ಡಗೆರೆ. ಇವತ್ತು ಅವನ್ನು ಮೇಡಂಗೆ ತೋರಿಸಿ ಬಂದಿದ್ದಾಳೆ. ಸೋಮವಾರ ಏನಾಗುವುದೋ ನಾನು ಕಾಣೆ. ಇದು ನಾಟಕವಾಗಿದ್ದರೆ ಕೊನೆಯ ಅಂಕದಲ್ಲಿ ಮೇಲಿಂದ ಹೂಮಳೆ ಸುರಿಸಿ ಮಂಗಳ ಹಾಡಿಬಿಡುತ್ತಿದ್ದೆ. ಇಲ್ಲಿ ಸೂತ್ರ ಬಿಟ್ಟರೆ ನನ್ನ ಬಳಿ ಏನಿದೆ, ಆ ಸೂತ್ರವೂ ಕೈಕೊಟ್ಟಿತು.

ಆರೋಗ್ಯ ನೋಡಿಕೊ. ಹೊತ್ತಿಗೆ ಸರಿಯಾಗಿ ತಿನ್ನು. ಅಲ್ಲಿ ನಿನ್ನನ್ನು ಊಟಕ್ಕೆ ಕರೆಯುವ ಮೇಲಧಿಕಾರಿಯ ಮನೆಯವರಿಗೆ ನನ್ನ ಶರಣು ಹೇಳು. ಶಿವ ನಿನ್ನ ಬೆನ್ನಿಗಿರಲಿ, ನೀನು ದೂರದಿಂದಲೇ ನಮ್ಮ ಬೆನ್ನಿಗಿರು.

ಇಂತಿ ನಿನ್ನ ಅಪ್ಪ,
ಗುರುಶಾಂತಪ್ಪ

ತಾ.ಕ.: ಕಾಗದ ಮಡಿಸುತ್ತಿರುವಾಗ ಮಗು ಬಂದು ಬೆನ್ನ ಹಿಂದೆ ನಿಂತಿತು. "ಅಪ್ಪಂಗಾ? ನಾಲ್ಕು ಅಂತ ಬರ್ದ್ಯಾ?" ಇಲ್ಲ ಎಂದುಬಿಟ್ಟೆ. "ಬರೀಬೇಡ ಅಜ್ಜ. ಸೋಮವಾರದ್ದೂ ಬರ್ಲಿ. ಹಬ್ಬದ ದಿನ ಅಪ್ಪ ಫೋನ್ ಮಾಡಿದಾಗ ಎರಡೂ ನಾನೇ ಹೇಳ್ತೀನಿ, ಸೋಮವಾರದ್ದು ಮೊದಲು ಅಪ್ಪಂಗೇ ಹೇಳ್ಬೇಕು" ಅಂದಳು. ಇದನ್ನು ಹರಿದು ಹಾಕುವುದೇ ನ್ಯಾಯ, ಆದರೂ ಸ್ಪೀಡ್ ಪೋಸ್ಟಿಗೆ ಹಾಕುತ್ತಿದ್ದೇನೆ. ಯಾಕೆಂದರೆ ನೀನು ನನ್ನ ಮಗ, ಆ ಗಂಟಲು ನಿನಗೂ ಬಂದಿದೆ. ನಾಲ್ಕು ಎಂಬುದು ಮೊದಲ ಸಲ ಕಿವಿಗೆ ಬಿದ್ದಾಗ ನಿನ್ನ ಬಾಯಿಂದ ಏನು ಹೊರಡುವುದೋ ನನಗೆ ಗೊತ್ತು, ಅದು ಈ ಕಾಗದದ ಮೇಲೆಯೇ ಹೊರಟು ಮುಗಿಯಲಿ. ಬುಧವಾರ, ಹಬ್ಬದ ದಿನ, ನಿನ್ನದು ಏನೂ ಅರಿಯದ ತಂದೆಯ ಪಾರ್ಟು. ಭಾನುವಾರದ ಸುಳ್ಳಿನ ಸುದ್ದಿ ಎತ್ತಬೇಡ, ಸೋಮವಾರದ್ದು ಎಷ್ಟು ಎಂದು ನೀನಾಗಿ ಕೇಳಬೇಡ. ಅವಳು ಬಾಯಿಬಿಡಲು ಎಷ್ಟು ಹೊತ್ತು ತೆಗೆದುಕೊಂಡರೂ ಫೋನು ಇಡಬೇಡ.