ಸೌತೆಕಾಯಿಯ ಹಸಿರು ಗೆರೆ

ಕಿಟಕಿ ಪಕ್ಕದ ಮೇಜಿನಿಂದ,
ಭಾನುವಾರ, ಹನ್ನೆರಡನೇ ತಾರೀಕು, ಮಧ್ಯಾಹ್ನ

ನನ್ನ ಅಣ್ಣನಿಗೆ,

ಹೇಗಿದ್ದೀಯಾ? ಸಣ್ಣಗಾಗಿದ್ದೀಯಾ, ದಪ್ಪಗಾಗಿದ್ದೀಯಾ? ಹಳೆಯ ಕೆಮ್ಮು ವಾಸಿಯಾಯಿತೇ? ನನಗೂ ನಿನಗೂ ನಡುವೆ ಇರುವುದು ಅಡುಗೆಮನೆಯ ಒಂದೇ ಒಂದು ಬಾಗಿಲು. ಆದರೂ ಕಾಗದ ಬರೆದೇ ಕೇಳಬೇಕಾಗಿದೆ. ಅಮ್ಮ ಚೆನ್ನಾಗಿದ್ದಾಳೆ. ಚಿಕ್ಕಮ್ಮನ ಜೊತೆ ಇದ್ದಾಳೆ. ಇಬ್ಬರಿಗೂ ದಿನಾ ಜಗಳ, ಆದರೆ ಒಬ್ಬರನ್ನು ಬಿಟ್ಟು ಒಬ್ಬರು ಊಟಕ್ಕೆ ಕೂರುವುದಿಲ್ಲ.

ನಾನು ಈ ಪರದೇಶದ ಊರಿಗೆ ಬಂದು ಏಳು ತಿಂಗಳಾಯಿತು. ಹೋಟೆಲುಗಳ ಮೇಜುಬಟ್ಟೆ, ಟವೆಲು ಒಗೆಯುವ ಕಡೆ ಇಸ್ತ್ರಿ ಕೆಲಸ. ಸ್ವಂತ ಹೋಟೆಲು ಇಟ್ಟಿದ್ದೇನೆ ಎಂದು ನೀನು ಬರೆದದ್ದೇ ಕೊನೆಯ ಕಾಗದ. ಅದರಲ್ಲಿ ಊರಿನ ಹೆಸರಿತ್ತು, ಹೋಟೆಲಿನ ಹೆಸರಿರಲಿಲ್ಲ. ಆಮೇಲೆ ನಾಲ್ಕು ವರ್ಷ ಸುದ್ದಿಯೇ ಇಲ್ಲ. ನಾನು ಹೊರಡುವಾಗ ಅಮ್ಮ, "ಮಾಲೀಕನ ತಂಗಿ ಅಂತ ಧೈರ್ಯವಾಗಿ ಹೇಳು, ಯಾರು ಬಾಗಿಲಲ್ಲಿ ನಿಲ್ಲಿಸ್ತಾರೆ ನೋಡೋಣ" ಅಂದಳು. ನನಗೆಲ್ಲಿಯ ಧೈರ್ಯ? ಅಪರಿಚಿತರ ಮುಂದೆ ನನ್ನ ನಾಲಿಗೆ ಏಳುವುದಿಲ್ಲ, ನಿನಗೆ ಗೊತ್ತೇ ಇದೆ. ಅದಕ್ಕೇ ಕೇಳುವುದನ್ನು ಬಿಟ್ಟು ತಿನ್ನುತ್ತಾ ಹೊರಟೆ. ನಿನ್ನ ಕೈರುಚಿ ಎಲ್ಲಿದ್ದರೂ ಗುರುತು ಹಿಡಿಯುತ್ತೇನೆ ಎಂಬ ಹುಚ್ಚು. ಪ್ರತಿ ಭಾನುವಾರ ಒಂದೊಂದು ಹೋಟೆಲು, ಒಂದೊಂದು ದೇಶದ ಊಟ. ಒಂದು ಕಡೆ ಚಮಚದ ಬದಲು ಎರಡು ಕಡ್ಡಿ ಕೊಟ್ಟರು. ಅರ್ಧ ಗಂಟೆ ಹೆಣಗಿ ಬಾಯಿಗೆ ಸೇರಿದ್ದು ಎರಡು ಎಳೆ ಶಾವಿಗೆ. ಇನ್ನೊಂದು ಕಡೆ ಹಸಿ ಮೀನು. ಕಣ್ಣು ಮುಚ್ಚಿ ನುಂಗಿದೆ. ಮತ್ತೊಂದು ಕಡೆ ಹಬೆಯಾಡುವ ಬಿಳಿ ಸುರುಳಿ ತಂದಿಟ್ಟರು. ತಿಂಡಿಯೆಂದು ಕಚ್ಚಲು ಹೋದರೆ ಕೈ ಒರೆಸುವ ಟವೆಲು, ಅದೂ ನಾನೇ ಇಸ್ತ್ರಿ ಮಾಡಿ ಕಳಿಸಿದ್ದು! ಸುಟ್ಟ ಬದನೆ, ಹುಳಿ ಸಾರು, ಬಾಣಲೆಯಷ್ಟು ಅಗಲದ ರೊಟ್ಟಿ, ಎಲ್ಲವೂ ರುಚಿಯೇ. ಯಾವುದರಲ್ಲೂ ನೀನಿರಲಿಲ್ಲ.

ಕಳೆದ ಭಾನುವಾರ ಇಲ್ಲಿಗೆ ಬಂದೆ. ಇದು ಹದಿನೆಂಟನೆಯದು. ತಟ್ಟೆಯಂಚಿನಲ್ಲಿ ನಾಲ್ಕು ಹೋಳು ಸೌತೆಕಾಯಿ, ಪ್ರತಿ ಹೋಳಿಗೂ ಒಂದೇ ಒಂದು ಹಸಿರು ಗೆರೆ. ಮನೆಯಲ್ಲಿ ನೀನು ಸಿಪ್ಪೆ ಹೆರೆಯುವಾಗ ಬಿಡುತ್ತಿದ್ದ ಅದೇ ಗೆರೆ. "ಸಿಪ್ಪೆ ತೆಗಿಯೋಕೂ ಸೋಮಾರಿತನವೇನೋ ನಿಂಗೆ" ಎಂದು ಅಮ್ಮ ಬೈದರೆ, "ಇರ್ಲಿ ಬಿಡಮ್ಮ, ಬಾಲಕ್ಕೆ ಹಿಡ್ಕೊಳ್ಳೋಕೆ ಒಂದು ಗೆರೆ ಬೇಡ್ವಾ" ಅನ್ನುತ್ತಿದ್ದೆ. ನಿನ್ನ ಹಿಂದೆಯೇ ಸುತ್ತುತ್ತಿದ್ದ ನನಗೆ ನೀನಿಟ್ಟ ಹೆಸರು ಅದು. ಚೀಟಿ ಬರೆದು ಒಳಗೆ ಕಳಿಸಿದೆ: ಅಣ್ಣಾ, ನಿನ್ನ ಬಾಲ ಬಂದಿದ್ದೀನಿ, ಮುಂದಿನ ಭಾನುವಾರವೂ ಇದೇ ಮೇಜಿನಲ್ಲಿರ್ತೀನಿ. ಬಡಿಸುವವನು ಹೊರಗೆ ಬಂದು, ಅಂಥವರು ಯಾರೂ ಇಲ್ಲವೆಂದು ಕೈಯಾಡಿಸಿದ. ಚೀಟಿಯನ್ನು ಮಾತ್ರ ವಾಪಸು ತರಲಿಲ್ಲ.

ಇವತ್ತು ನನ್ನ ಸೌತೆಕಾಯಿಗೆ ಗೆರೆಯಿಲ್ಲ. ಬೋಳು. ಹೆಚ್ಚುವವರು ಬದಲಾದರೇನೋ ಎಂದು ಪಕ್ಕದ ಮೇಜಿನತ್ತ ನೋಡಿದೆ. ಅಲ್ಲಿ ಗೆರೆಯಿದೆ. ಆಚೆ ಮೇಜಿನಲ್ಲೂ ಇದೆ. ನನ್ನ ತಟ್ಟೆಯದನ್ನು ಮಾತ್ರ ನಿಂತು ಕೆರೆದು ತೆಗೆದಿದ್ದೀಯಾ, ಅಣ್ಣಾ.

ನೀನು ಮಾಲೀಕನಲ್ಲ, ತರಕಾರಿ ಹೆಚ್ಚುವವನು. ಅಷ್ಟೇ ತಾನೇ? ಅಷ್ಟಕ್ಕೆ ನಾಲ್ಕು ವರ್ಷವೇ? ನಾಲ್ಕೂ ಹೋಳು ತಿಂದೆ. ಮೇಲೆ ನೀರು ಕುಡಿದೆ. ನಿನ್ನಿಷ್ಟದಂತೆಯೇ ಆಗಲಿ. ಅಣ್ಣ ಸಿಗಲಿಲ್ಲ ಎಂದು ಅಮ್ಮನಿಗೆ ಬರೆಯುತ್ತೇನೆ. ಇನ್ನು ಈ ಮೇಜಿಗೆ ಬರುವುದಿಲ್ಲ. ಈ ಕಾಗದ ತಟ್ಟೆಯಡಿ ಇಡುತ್ತೇನೆ, ಅದರ ಜೊತೆ ಒಳಗೆ ಬರಲಿ. ಹೊತ್ತಿಗೆ ಸರಿಯಾಗಿ ಉಣ್ಣು. ಅಮ್ಮನ ಆಶೀರ್ವಾದಕ್ಕೆ ನೀನು ಮಾಲೀಕನಾಗಬೇಕಿಲ್ಲ.

ನಿನ್ನ
ಬಾಲ

ಮತ್ತೊಂದು ಮಾತು, ಬಡಿಸುವವನು ತಟ್ಟೆ ಎತ್ತಲು ಬರುತ್ತಿದ್ದಾನೆ: ಈ ಹೋಟೆಲಿನ ಟವೆಲುಗಳು ಮಂಗಳವಾರ ನಮ್ಮಲ್ಲಿಗೇ ಬರುತ್ತವೆ. ಒಗೆಯಲು ಹಾಕುವ ಮೊದಲು ಒಂದೊಂದನ್ನೂ ಬಿಡಿಸುವವಳೂ ನಾನೇ. ಬರೆಯಲು ಕೈ ಬಾರದಿದ್ದರೆ, ಒಂದರಲ್ಲಿ ಒಂದೆಳೆ ಸಿಪ್ಪೆ ಸುತ್ತಿಡು. ಮಂಗಳವಾರದವರೆಗೆ ಅಮ್ಮನಿಗೆ ಏನೂ ಬರೆಯುವುದಿಲ್ಲ. ಒಣಗಿದ್ದರೂ ನನಗೆ ಗೊತ್ತಾಗುತ್ತದೆ.