ತೆರೆಯದ ಬಾಗಿಲಿನ ಮುಂದೆ ಅವರೆಕಾಯಿ

ಹರಿಹರ
ಕ್ರಿ.ಶ. ೨೧೯೪, ಫೆಬ್ರವರಿ ೩೦

ಹಿಂದಿನ ಕಾಲದ ಮಾನ್ಯರೇ,

ತಾರೀಖನ್ನು ನೋಡಿ ಕೈತಪ್ಪೆಂದು ಭಾವಿಸಬೇಡಿ. ಕ್ಯಾಲೆಂಡರು ಪರಿಷ್ಕರಣೆಯಾದ ಮೇಲೆ ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನಗಳಿವೆ. ವೃತ್ತಿಯುದ್ದಕ್ಕೂ ಮಕ್ಕಳಿಗೆ ಶುದ್ಧ ಕನ್ನಡ ಕಲಿಸಿದವನಾದರೂ, ನನ್ನ ಕೆಲವು ಪದಗಳು ನಿಮಗೆ ವಿಚಿತ್ರವೆನಿಸಿಯಾವು. ಕ್ಷಮೆಯಿರಲಿ. ಬಂದಲ್ಲಿಯೇ ಅರ್ಥ ಹೇಳುತ್ತ ಹೋಗುತ್ತೇನೆ.

ಮೊದಲನೆಯ ಪದ 'ಹೊಸ್ತಿಲುಗಾರರು'. ಮನಸ್ಸು ಕುಸಿದು ಯಾರಾದರೂ ಬಾಗಿಲು ಹಾಕಿಕೊಂಡರೆ, ಕರೆ ಹೋದ ಕೂಡಲೇ ಇಬ್ಬರು ತರಬೇತಾದವರು ಬರುತ್ತಾರೆ. ಕಾಲು ಮುರಿದವರ ಮನೆಗೆ ಆಂಬುಲೆನ್ಸು ಬಂದಷ್ಟೇ ಸಹಜವಾಗಿ. ಎರಡರ ವೆಚ್ಚವನ್ನೂ ಆರೋಗ್ಯ ವಿಮೆಯೇ ಭರಿಸತಕ್ಕದ್ದೆಂಬುದು ನಮ್ಮ ಕಾಯಿದೆ. ಪ್ರಾಣಕ್ಕೆ ಆ ಕ್ಷಣದ ಅಪಾಯ ಕಾಣದಿದ್ದರೆ ಅವರು ಅಗುಳಿ ಮುರಿಯುವುದಿಲ್ಲ, ಒಳಗಿನವರು ಕರೆಯದೆ ಹೊಸ್ತಿಲು ದಾಟುವುದಿಲ್ಲ. ಕೈಕಟ್ಟಿ ಕುಳಿತವರು ಕಾವಲುಗಾರರಂತೆ ಕಾಣುತ್ತಾರೆಂದು ಏನಾದರೊಂದು ಮನೆಗೆಲಸವನ್ನು ಜೊತೆಗೆ ತರುವುದು ಅವರ ಪದ್ಧತಿ. ಬೇಸಿಗೆಯಲ್ಲಿ ಹುಣಸೆಹಣ್ಣು ಬಿಡಿಸುತ್ತಾರೆ, ಚಳಿಗಾಲದಲ್ಲಿ ಅವರೆಕಾಯಿ ಸುಲಿಯುತ್ತಾರೆ.

ನನ್ನ ತಂಗಿ ನೀಲಾಂಬಿಕೆ ತುಂಗಭದ್ರೆಯ ಸಾರಿಗೆ ದೋಣಿಗಳನ್ನು ನಡೆಸಿದವಳು, ಗಟ್ಟಿ ದನಿಯವಳು. ಈ ಚಳಿಗಾಲ, ಗಂಡ ತೀರಿಕೊಂಡ ಮೇಲೆ, ಕೋಣೆ ಸೇರಿ ಅಗುಳಿ ಹಾಕಿಕೊಂಡಳು. ಕಿಟಕಿಯಿಂದ ಅವಳು ಹೇಳಿದ್ದನ್ನು ತಿದ್ದದೆ ಬರೆಯುತ್ತೇನೆ: "ಅಣ್ಣಾ, ಇನ್ನ ನಂಗೆ ಊಟ ತರಬ್ಯಾಡ. ಯಾಕಂತ ಕೇಳಲೂಬ್ಯಾಡ." ನಾನು ಕರೆ ಮಾಡಿದೆ. ಮುರಿಗೆಪ್ಪ, ಸಾಬಿರಾ ಎಂಬಿಬ್ಬರು ಬಂದರು. "ಹೋಗ್ರಿ" ಎಂದಳು. ಅಂಗಳದ ತನಕ ಹೋಗಿ, ಕಿಟಕಿ ಕಾಣುವಂತೆ ಕುಳಿತರು. ಮರುದಿನವೂ ಬಂದರು, ಅದರ ಮರುದಿನವೂ. ಅಗುಳಿ ಸರಿಯಲಿಲ್ಲ. ನಾನು ಒಳಗೂ ಹೊರಗೂ ತಿರುಗುತ್ತಿದ್ದೆ; ಅವರು ಮಾತ್ರ ಕಾಯಿ ಸುಲಿಯುತ್ತಲೇ ಇದ್ದರು. ಕೊನೆಗೊಂದು ಮಧ್ಯಾಹ್ನ ಕಿಟಕಿಯಿಂದ ಸಿಡುಕಿನ ದನಿ ಬಂತು: "ಏನವ್ವಾ, ಹುಳ ಇರೋ ಕಾಳೂ ಬುಟ್ಟಿಗೆ ಹಾಕ್ತೀಯಲ್ಲ, ಮನ್ಯಾಗೆ ಯಾರೂ ಹೇಳಿಕೊಟ್ಟಿಲ್ಲೇನು?"

ಸಾಬಿರಾ ತಲೆಯೆತ್ತದೆ, "ಹೇಳಿಕೊಟ್ಟಿದ್ರು ಅಕ್ಕಾ, ಕನ್ನಡಕ ಮರೆತು ಬಂದೀನಿ. ನೀವೇ ಆರಿಸಿ ಕೊಡ್ರಿ" ಎಂದಳು.

ಸ್ವಲ್ಪ ಹೊತ್ತಿನ ಮೇಲೆ ಅಗುಳಿ ಸರಿಯಿತು. ಬುಟ್ಟಿ ಒಳಗೆ ಹೋಯಿತು, ಅದರ ಹಿಂದೆ ಸಾಬಿರಾ, ಸಂಜೆಗೆ ವೈದ್ಯರು. ಕೆಲವು ವಾರ ನೀಲಾ 'ತಂಗುಮನೆ'ಯಲ್ಲಿದ್ದಳು. ಅದು ಇಂಥವರು ಚೇತರಿಸಿಕೊಳ್ಳುವ ಮನೆ, ಅದಕ್ಕೂ ವಿಮೆಯುಂಟು. ಈಗ ಮನೆಗೆ ಬಂದಿದ್ದಾಳೆ, ನನ್ನ ಸಾರಿಗೆ ಉಪ್ಪು ಸಾಲದೆಂದು ದೂರುತ್ತಾಳೆ.

ಇಷ್ಟರಲ್ಲಿ, ವಿಮೆಯ ನಿಯಮಗಳನ್ನು ಗೊತ್ತುಮಾಡುವ ವಿಮಾ ಸಭೆಯ ಮುಂದೆ ಒಂದು ತಿದ್ದುಪಡಿ ಬಂದಿದೆ: ಬಾಗಿಲು ತೆರೆದು ಚಿಕಿತ್ಸೆಗೆ ಒಪ್ಪಿದ ಭೇಟಿಗೆ ಮಾತ್ರ ವಿಮೆ, ತೆರೆಯದ ಬಾಗಿಲಿಗೆ ಇಲ್ಲ. ನಾನು ಮನೆಗೆ ಹೋಗಿ ಕಂಡಾಗ ಸದಸ್ಯರೊಬ್ಬರು ಬಹಳ ಸೌಜನ್ಯದಿಂದಲೇ ಕೇಳಿದರು: ಬಾಗಿಲೇ ತೆರೆಯಲಿಲ್ಲವೆಂದ ಮೇಲೆ ಅಲ್ಲಿ ನಡೆದ ಸೇವೆ ಯಾವುದು? ಕುಳಿತಿದ್ದೇ ಸೇವೆ ಎಂದೆ. ನಕ್ಕರು. ಇದು ಅಂಗೀಕಾರವಾದರೆ ಇನ್ನು ಹೊಸ್ತಿಲುಗಾರರು ಮೊದಲ ದಿನವೇ ಬುಟ್ಟಿ ಎತ್ತಿಕೊಂಡು ಹೋಗುತ್ತಾರೆ. ಮುಂದಿನ ಚಳಿಗಾಲ ನೀಲಾ ಮತ್ತೆ ಅಗುಳಿ ಹಾಕಿಕೊಂಡರೆ ಕಿಟಕಿಯ ಹೊರಗೆ ಯಾರೂ ಇರುವುದಿಲ್ಲ.

ಆದಕಾರಣ ನಿಮ್ಮನ್ನು ಕೇಳುತ್ತಿದ್ದೇನೆ; ಆಕ್ಷೇಪಣೆಯಲ್ಲ, ತಿಳಿಯುವ ಆಸೆ. ನಿಮ್ಮ ಕಾಲದಲ್ಲಿ ಆಸ್ಪತ್ರೆಗೆ ದಾಖಲಾದವರಿಗೆ ವಿಮೆ ದೊರೆಯುತ್ತಿತ್ತೆಂದು ಕೇಳಿದ್ದೇನೆ. ಆಸ್ಪತ್ರೆಯವರೆಗೆ ಬರಲಾರದವರ ಗತಿಯೇನಿತ್ತು? ಮನೆಯವರು ಯಾರನ್ನು ಕರೆಯುತ್ತಿದ್ದರು? ಹೊರಗೆ ಕುಳಿತವರು ಅತ್ತೆಯೋ, ನೆರೆಯವರೋ, ಯಾರೂ ಇರಲಿಲ್ಲವೋ? ಇದ್ದರೆ, ಕೈಯಲ್ಲಿ ಏನು ಹಿಡಿದಿದ್ದರು? ದಯವಿಟ್ಟು ಬರೆದಿಡಿ. ನಿಮ್ಮ ಅಕ್ಷರಗಳು ನಮ್ಮನ್ನು ತಲುಪುತ್ತವೆ. ನನ್ನವು ನಿಮ್ಮನ್ನು ತಲುಪುವವೇ ಎಂಬುದಷ್ಟೇ ಸಂಶಯ.

ಸೋಮವಾರ ಸಭೆ. ಮುಚ್ಚಿದ ಬಾಗಿಲಿನೊಳಗೆ ನಡೆಯುತ್ತದೆ, ಸಾರ್ವಜನಿಕರಿಗೆ ಪ್ರವೇಶವಿಲ್ಲ. ಹೊರಗೆ ನಿಂತಾದರೂ ಓದೋಣವೆಂದು ನಾನು ಭಾಷಣ ಸಿದ್ಧಪಡಿಸುತ್ತಿರುವುದನ್ನು ನೋಡಿ ನೀಲಾ, "ಅದ್ಯಾರು ಕೇಳ್ತಾರೆ ಬಿಡಣ್ಣಾ" ಎಂದು ಪೇಟೆಗೆ ಹೋದಳು. ಬುಟ್ಟಿಯ ತುಂಬ ಈ ಹಂಗಾಮಿನ ಕಡೆಯ ಅವರೆಕಾಯಿ ತಂದಿದ್ದಾಳೆ. ಸಭೆಯ ಹೊಸ್ತಿಲಿನಲ್ಲಿ ಕುಳಿತು ಸುಲಿಯುತ್ತಾಳಂತೆ, ಒಳಗಿನವರು ಬಾಗಿಲು ತೆರೆಯುವ ತನಕ.

ನಿಮ್ಮವನೇ ಆದ,
ಹಾಲೇಶ ರೇವಣಸಿದ್ದಪ್ಪ
ನಿವೃತ್ತ ಕನ್ನಡ ಅಧ್ಯಾಪಕ