ಮಿಡತೆ ಊಟ ಮಾಡಲಿಲ್ಲ

ಮೇ 9, 2006. ಮಂಗಳವಾರ

ಬೀನ್ಸ್ ನೆನೆಹಾಕಿದೆ. ಹಾಕಿದ ಮೇಲೆ ನೋಡಿದರೆ — ಹನ್ನೊಂದು ಜನರಿಗೆ ಆಗುವಷ್ಟು. ಹಳೇ ಕೈಗೆ ಯಾರು ಬುದ್ಧಿ ಹೇಳುವುದು? ಕಡಿಯಲು ಬಿಡೆವೆಂದು ಮರದ ಮೇಲೇ ಕುಳಿತಿದ್ದ ಹುಡುಗರು ಈಗ ಯಾರೂ ಇಲ್ಲ. ಮರಗಳೂ ಇಲ್ಲ, ಮಾರ್ಚ್‌ನಲ್ಲೇ ಕಡಿದು ಸಾಗಿಸಿದರು. ಇನ್ನು ವಾರವಿಡೀ ನನಗೂ ನಾಯಿಗೂ ಬೀನ್ಸೇ.

ಬೆಳಿಗ್ಗೆ ಆರಕ್ಕೆ ಬಂದಿದ್ದರು. ಫೆಡರಲ್ ಪೊಲೀಸರು, ಎಂಟು ಜನ, ಗುಂಡು ತಡೆಯುವ ಅಂಗಿ ಬೇರೆ. ಶಾಲೆಯ ಅಡುಗೆಮನೆಯಿಂದ ರಿಟೈರ್ ಆದ ಅರವತ್ತೊಂದರ ಮುದುಕಿಗೆ ಎಂಟು ಜನ! ಮೇಣದಬತ್ತಿ, ಟೊಮ್ಯಾಟೊ ಗೊಬ್ಬರ, ಎರಡು ಅಡುಗೆ ಟೈಮರ್, ಹಳೇ ಡೈರಿಗಳು — ಎಲ್ಲ ಚೀಲಕ್ಕೆ.

"ಎರಡೆರಡು ಟೈಮರ್ ಯಾಕಮ್ಮಾ?"

"ಒಂದು ಅನ್ನಕ್ಕೆ, ಒಂದು ಬ್ರೆಡ್ಡಿಗೆ. ಬಾಂಬಿಗೆ ಅಂದ್ರೆ ಖುಷಿಯಾಗ್ತಿತ್ತಾ?"

ಅದನ್ನೂ ಬರೆದುಕೊಂಡ. ಪಾಪಿ.

ಫ್ರಿಜ್ ಪಕ್ಕದ ಮೊಳೆಯಲ್ಲಿ ಊಟದ ಪಟ್ಟಿ ನೇತಾಡುತ್ತಿತ್ತು. ಅದರಲ್ಲಿನ ಅಡ್ಡಹೆಸರು ನೋಡಿ ನಗುತ್ತಾರೆ ಅಂದುಕೊಂಡೆ. ಯಾರೂ ನಗಲಿಲ್ಲ. ಕೈಗವಸು ಹಾಕಿಕೊಂಡು ಎತ್ತಿದರು.

ಮೇ 12

ಮೂರು ದಿನದಿಂದ ಆ ಪಟ್ಟಿಯದೇ ಯೋಚನೆ. ಎಂಥ ಮೂರ್ಖಳು ನಾನು.

ಕಾಡಿನಲ್ಲಿ ಯಾರಿಗೂ ನಿಜವಾದ ಹೆಸರಿರಲಿಲ್ಲ. ಪಾಚಿ, ಗೂಬೆ, ಬಸವನಹುಳು, ಮಿಡತೆ. ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿಲ್ಲದಿದ್ದರೆ ಯಾರನ್ನು ಹಿಡಿದು ಹಿಂಡಿದರೂ ಏನೂ ಹೊರಡುವುದಿಲ್ಲ. ಫೋನ್ ಇಲ್ಲ, ಫೋಟೋ ಇಲ್ಲ, ಏನನ್ನೂ ಬರೆದಿಡುವ ಹಾಗಿಲ್ಲ. ಅಷ್ಟು ಜೋಪಾನದ ಹುಡುಗರು. ಆದರೆ ಅಡುಗೆಯವಳು ಯಾರು ಉಂಡರು, ಯಾರು ಬಿಟ್ಟರು ಎಂದು ಬರೆಯದೆ ಹೇಗೆ? ಇನ್ನೂರು ಅಡಿ ಮೇಲೆ ಕುಳಿತವನು ಎರಡು ದಿನ ಊಟದ ಬಕೆಟ್ ಎಳೆದುಕೊಳ್ಳದಿದ್ದರೆ ಜ್ವರ ಎಂದೇ ಅರ್ಥ. ಎಲ್ಲರೂ ಹಗ್ಗವನ್ನು ಒಂದು ಸಲ ಜಗ್ಗುತ್ತಿದ್ದರು, ಬಕೆಟ್ ಬಂತು ಎಂದು. ಮಿಡತೆ ಮಾತ್ರ ಎರಡು ಸಲ, ತಡೆದು ಇನ್ನೊಂದು ಸಲ. ಥ್ಯಾಂಕ್ಸ್ ಅಂತೆ.

ಪಟ್ಟಿಯಲ್ಲಿ ನನ್ನದೇ ದುಂಡನೆಯ ಅಕ್ಷರ: ಜನವರಿ 17. ಪಾಚಿ — ಎರಡು ಬಟ್ಟಲು. ಗೂಬೆ — ಒಂದು. ಮಿಡತೆ — ಊಟ ಮಾಡಲಿಲ್ಲ. ಅವನ ಪಾಲು ಮುಚ್ಚಿಟ್ಟಿದ್ದೇನೆ.

ಅದೇ ರಾತ್ರಿ ಮರದ ಕಂಪನಿಯ ಮೂರು ಲಾರಿಗಳು ಸುಟ್ಟುಹೋದದ್ದು.

ಮೇ 19

ಸಮನ್ಸ್ ಬಂತು. ಜೂನ್ 13ಕ್ಕೆ. ಲಾಯರ್ ಇನೆಸ್ ಬಂದಿದ್ದಳು. ನನಗೆ ಮಗಳಾಗುವ ವಯಸ್ಸಿನವಳು, ಉಗುರು ಕಚ್ಚುತ್ತಾಳೆ.

"ಗ್ರ್ಯಾಂಡ್ ಜ್ಯೂರಿ ಅಂದ್ರೆ ಯಾರ ಮೇಲೆ ಕೇಸ್ ಹಾಕ್ಬೇಕು ಅಂತ ತೀರ್ಮಾನಿಸೋ ಜನ. ಅವರ ಮುಂದೆ ನೀವೊಬ್ರೇ ಹೋಗ್ಬೇಕು. ಒಳಗೆ ನನ್ನ ಬಿಡಲ್ಲ."

"ಬಾಯಿ ಮುಚ್ಕೊಂಡು ಕೂತ್ರೆ?"

"ನಿಮ್ಮ ಮೇಲೆ ಕೇಸ್ ಹಾಕಲ್ಲ ಅಂತ ಕಾಗದ ಕೊಟ್ಟಿದ್ದಾರೆ. ಅಲ್ಲಿಗೆ ಸುಮ್ನಿರೋ ಹಕ್ಕೂ ಹೋಯ್ತು. ಮಿಡತೆ ಯಾರು ಅಂತ ಹೇಳ್ಬೇಕು, ಇಲ್ಲಾಂದ್ರೆ ಜೈಲು. ಹದಿನೆಂಟು ತಿಂಗಳವರೆಗೂ."

"ಹೇಳಿದ್ರೆ?"

"ಭಯೋತ್ಪಾದನೆ ಅಂತ ಸೇರಿಸ್ತಾರೆ. ಅವನಿಗೆ ಮೂವತ್ತು ವರ್ಷ ಬೀಳಬಹುದು."

"ಮೂರು ಲಾರಿಗಾ? ಯಾರಿಗೂ ಒಂದು ಗೀರೂ ಆಗಿಲ್ವಲ್ಲೇ!"

"ವರ್ನಾ, ಗೊತ್ತಿಲ್ಲ ಅನ್ನಬಹುದು — ನಿಜವಾಗ್ಲೂ ಗೊತ್ತಿಲ್ದಿದ್ರೆ." ಉಗುರು ಬಾಯಿಂದ ತೆಗೆದು, "ಗೊತ್ತಾ?"

ಕಾಫಿ ಬೇಕಾ ಎಂದು ಕೇಳಿದೆ.

ಗೊತ್ತು. ಹೋದ ಅಕ್ಟೋಬರ್, ನಾನು ಕೊಟ್ಟ ಬಿಸ್ಕತ್ತಿನಲ್ಲಿ ಕಡಲೆಕಾಯಿ ಇತ್ತು, ಮಿಡತೆಗೆ ಅದು ಆಗದು. ಅವನ ಮುಖ ಬ್ರೆಡ್ಡಿನಂತೆ ಉಬ್ಬಿತು, ಉಸಿರು ಸಿಕ್ಕಿಕೊಂಡಿತು. ಆಸ್ಪತ್ರೆಗೆ ನಾನೇ ಕಾರು ಓಡಿಸಿದೆ. ಬಾಗಿಲಲ್ಲಿ, ಹೆಸರು ಬರೆಸಲೆಂದು ಲೈಸೆನ್ಸ್ ತೆಗೆದು ನನ್ನ ಕೈಗಿಟ್ಟ. ಇಡೀ ಕಾಡಿನಲ್ಲಿ ಅವನ ಹೆಸರು ತಿಳಿದವಳು ನಾನೊಬ್ಬಳೇ.

ಅವರು ಒಯ್ದ ಡೈರಿಗಳಲ್ಲಿ ಬರೆದಿಲ್ಲ, ಇಲ್ಲೂ ಬರೆಯುವುದಿಲ್ಲ. ಅಷ್ಟು ಬುದ್ಧಿ ಬಂದಿದೆ. ಡೈರಿಯನ್ನೇ ಬರೆಯಬಾರದು, ನಿಜ… ನಲವತ್ತು ವರ್ಷದ ಚಟ. ಓಟ್ಸ್ ಡಬ್ಬಿಯ ತಳದಲ್ಲಿಡುತ್ತೇನೆ.

ಲಾರಿ ಸುಟ್ಟವನು ಅವನೇನಾ? ಗೊತ್ತಿಲ್ಲ. ತಿಳಿದುಕೊಳ್ಳುವ ಧೈರ್ಯವೂ ಇಲ್ಲ.

ಮೇ 31

ತಂಗಿ ಲೊರೇನ್ ಬಂದಿದ್ದಳು. ಕೋಟು ಬಿಚ್ಚಲಿಲ್ಲ.

"ಚರ್ಚಲ್ಲಿ ನನ್ನ ಪಕ್ಕ ಯಾರೂ ಕೂರಲ್ಲ ಕಣೇ. ನಿನ್ನಕ್ಕ ಟೆರರಿಸ್ಟ್ ಅಂತಾರೆ."

"ಹೆಚ್ಚು ಜಾಗ ಸಿಕ್ತಲ್ಲ, ಆರಾಮಾಗಿ ಕೂತ್ಕೋ."

"ತಮಾಷೆ ಬೇಡ. ಯಾವನೋ ಸೊಪ್ಪು ತಿನ್ನೋನಿಗೋಸ್ಕರ ಜೈಲಿಗೆ ಹೋಗ್ತೀಯಾ? ನಿನ್ನ ಹೊಟ್ಟೇಲಿ ಹುಟ್ಟಿದ್ನಾ ಅವನು?"

"ನನ್ನ ಕೈಯಲ್ಲಿ ಉಂಡಿದ್ದಾನೆ."

"ನಾಯಿನ ನಾನಂತೂ ಇಟ್ಕೊಳಲ್ಲ, ಹೇಳ್ಬಿಟ್ಟಿದ್ದೀನಿ."

ಪಿಕಲ್‌ಗೆ ಹದಿಮೂರು ವರ್ಷ. ಹದಿನೆಂಟು ತಿಂಗಳು ಕಾಯುವ ನಾಯಿಯಲ್ಲ. ಲೊರೇನ್ ಹೋದ ಮೇಲೆ ಚೆನ್ನಾಗಿ ಅತ್ತೆ.

ಜೂನ್ 8

ಬೀದಿಯಾಚೆ ಬಿಳಿ ವ್ಯಾನ್. ಹತ್ತು ದಿನವಾಯಿತು. ಅಂಗಡಿಗೆ ಹೋದರೆ ಹಿಂದೆ ಬರುತ್ತದೆ, ಬಂದರೆ ಬರುತ್ತದೆ. ಪರದೆ ಎಳೆದೇ ಇರುತ್ತೇನೆ. ಫೋನ್ ಎತ್ತಿದರೆ ಉಸಿರೂ ಲೆಕ್ಕಕ್ಕೆ ಸಿಗುತ್ತದೆ ಅನಿಸುತ್ತದೆ. ಎತ್ತ ತಿರುಗಿದರೂ ಗೋಡೆ. ಹೇಳಿದರೆ ಕನ್ನಡಿ ನೋಡಲಾರೆ, ಹೇಳದಿದ್ದರೆ ಈ ಅಡುಗೆಮನೆ ನೋಡಲಾರೆ. ನಿನ್ನೆ ಒಂದು ಗಳಿಗೆ — ಬರೆದೇಬಿಡುತ್ತೇನೆ — ಹೇಳಿಬಿಡೋಣ ಅನಿಸಿತು. ಒಂದೇ ಹೆಸರು. ಎರಡು ಸೆಕೆಂಡ್. ಆಮೇಲೆ ಬೀನ್ಸ್ ಸೀದು ವಾಸನೆ ಬಂತು, ಎದ್ದೆ.

ಜೂನ್ 12. ಸಂಜೆ ಐದು

ನಾಳೆ. ಸೂಪ್ ಮಾಡಿದೆ, ಬಾರ್ಲಿ ಹಾಕಿ. ಮತ್ತೆ ಜಾಸ್ತಿಯಾಯಿತು. ಇನೆಸ್ ಹೇಳಿದ್ದಾಳೆ: ಹಲ್ಲುಜ್ಜುವ ಬ್ರಷ್ ಬೇಡ, ಅವರೇ ಕೊಡುತ್ತಾರೆ. ಓದುವ ಕನ್ನಡಕ ಮರೆಯಬಾರದು.

ಹಿಂಬಾಗಿಲು. ಎರಡು ಸಲ. ತಡೆದು, ಇನ್ನೊಂದು

ಜೂನ್ 13. ಬೆಳಿಗ್ಗೆ ಏಳು

ನಿನ್ನೆ ಬಾಗಿಲು ಬಡಿದದ್ದು ಗಾಳಿ. ಯಾರಾದರೂ ಓದುವುದಾದರೆ ಹಾಗೆಂದೇ ಓದಿಕೊಳ್ಳಲಿ.

ವ್ಯಾನಿಗೆ ಕಾಣದಂತೆ ಮನೆ ಹಿಂದಿನ ತೊರೆಯ ಕಡೆಯಿಂದ ಬಂದ ಗಾಳಿ. ಮೊಣಕಾಲವರೆಗೆ ಒದ್ದೆ. ತಾನೇ ಹೋಗಿ ಒಪ್ಪಿಸಿಕೊಳ್ಳುತ್ತೇನೆ ಎಂದಿತು. ಜನವರಿಯ ಆ ರಾತ್ರಿ ತಾನೆಲ್ಲಿದ್ದೆನೆಂದು ಹೇಳಲು ಬಾಯಿ ತೆರೆಯಿತು.

"ಬಾಯಿ ಮುಚ್ಚು, ಮೊದಲು ಉಣ್ಣು," ಎಂದೆ. "ನೀನು ಹೋದ್ರೆ ಮೂವತ್ತು ವರ್ಷ, ನಾನು ಹೋದ್ರೆ ಒಂದೂವರೆ. ಇಷ್ಟೂ ಲೆಕ್ಕ ಬರಲ್ವಾ ನಿಂಗೆ?"

ಗಾಳಿ ಅತ್ತಿತು. ಮೂರು ಬಟ್ಟಲು ಉಂಡಿತು. ಜನವರಿಯಲ್ಲಿ ಮುಚ್ಚಿಟ್ಟಿದ್ದು ಕೊನೆಗೂ ಮುಟ್ಟಿದ ಹಾಗಾಯಿತು ನನಗೆ. ಹೋಗುವಾಗ ಪಿಕಲ್ ಕೂಡ ಗಾಳಿಯ ಹಿಂದೆಯೇ ಹೋಯಿತು, ತಿರುಗಿ ನೋಡದೆ. ಅದರ ಹಾಸಿಗೆಯನ್ನೂ ಕೊಟ್ಟು ಕಳಿಸಿದೆ. ಮನೆ ಬಿಕೋ ಎನ್ನುತ್ತಿದೆ.

ಭಯವಿದೆ. ಆದರೂ ರಾತ್ರಿ ಚೆನ್ನಾಗಿ ನಿದ್ದೆ ಬಂತು, ಒಂದು ತಿಂಗಳಲ್ಲಿ ಮೊದಲ ಸಲ.

ಇನೆಸ್ ಕಾರಿನ ಹಾರ್ನ್. ಒಲೆಯಲ್ಲಿ ಇನ್ನೂ ಕೆಂಡವಿದೆ. ಕನ್ನಡಕ ಚೀಲದಲ್ಲಿದೆ. ಈ ಡೈರಿಯನ್ನು ಅದಕ್ಕೇ ಹಾಕಬೇಕು… ಇನ್ನೊಂದೇ ಸಾಲು, ಹಳೇ ಚಟ.

ಜೂನ್ 12. ನಾನು — ಒಂದು ಬಟ್ಟಲು.